ವಿಫಲವಾದ ಸಾಲಿನ ಮುಂದೇನು? – ಶೆಲ್ ಸ್ಕ್ರಿಪ್ಟ್ ಬರೆಯುವವರಿಗೆ ಕೆಲವು ಎಚ್ಚರಿಕೆಗಳು

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ನಿತ್ಯದ ಕೆಲಸಗಳನ್ನು ಶೆಲ್ ಸ್ಕ್ರಿಪ್ಟ್‌ಗಳಿಗೆ ಒಪ್ಪಿಸುತ್ತಾರೆ. ಆದೇಶಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಕಡತವೇ ಸ್ಕ್ರಿಪ್ಟ್. ನಿಗದಿತ ಹೊತ್ತಿಗೆ ಅದನ್ನು ನಡೆಸುವುದು ‘ಕ್ರಾನ್’. 1989ರಲ್ಲಿ ಬ್ರಯಾನ್ ಫಾಕ್ಸ್ ಅವರು ಗ್ನೂ ಯೋಜನೆಗಾಗಿ ಬರೆದ ‘ಬ್ಯಾಷ್’ ಇಂದಿಗೂ ವ್ಯಾಪಕ ಬಳಕೆಯಲ್ಲಿರುವ ಶೆಲ್. ಒಂದು ಆದೇಶ ವಿಫಲವಾದರೂ ಅದು ನಿಲ್ಲದೆ ಮುಂದಿನ ಸಾಲಿಗೆ ಹೋಗುತ್ತದೆ. ಈ ಸ್ವಭಾವವನ್ನು ನಾನು ನಷ್ಟ ತೆತ್ತು ಕಲಿತೆ.

ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಸಣ್ಣ ಸರ್ವರ್ ಇದೆ. ಅಮ್ಮ ಹಾಡಿದ ಹಸೆಹಾಡುಗಳ ಧ್ವನಿಮುದ್ರಣಗಳು ಅದರಲ್ಲಿದ್ದವು. ಪ್ರತಿ ರಾತ್ರಿ ನನ್ನ ಸ್ಕ್ರಿಪ್ಟ್ ‘ಸಿಡಿ’ ಆದೇಶದಿಂದ ಹೊರಗಿನ ಹಾರ್ಡ್‌ಡಿಸ್ಕಿನ ಬ್ಯಾಕಪ್ ಫೋಲ್ಡರಿಗೆ ಹೋಗಿ, ‘ಆರ್‌ಎಂ’ನಿಂದ ಅಲ್ಲಿದ್ದ ಹಳೆಯ ಪ್ರತಿಗಳನ್ನೆಲ್ಲ ಅಳಿಸಿ, ಹೊಸ ಪ್ರತಿ ಇಡುತ್ತಿತ್ತು. ಒಂದು ಸಂಜೆ ವಿದ್ಯುತ್ ಹೋಗಿ ಬಂದಾಗ ಆ ಡಿಸ್ಕ್ ಕೆಟ್ಟಿತು. ರಾತ್ರಿ ‘ಸಿಡಿ’ಗೆ ಫೋಲ್ಡರ್ ಸಿಗಲಿಲ್ಲ. ಕ್ರಾನ್ ಕೆಲಸ ಆರಂಭಿಸುವುದು ಬಳಕೆದಾರನ ಹೋಮ್ ಡೈರೆಕ್ಟರಿಯಲ್ಲಿ. ಆದ್ದರಿಂದ ಮುಂದಿನ ಸಾಲಿನ ‘ಆರ್‌ಎಂ’ ಅಳಿಸಿದ್ದು ಮೂಲ ಹಾಡುಗಳನ್ನೇ. ಸಾಗರದಲ್ಲಿರುವ ತಮ್ಮನಿಗೆ ಹಿಂದೆ ಕಳುಹಿಸಿದ್ದ ಕೆಲವು ಹಾಡುಗಳಷ್ಟೇ ಉಳಿದವು. ಅಮ್ಮ ಈಗಿಲ್ಲ.

ಪ್ರತಿಯೊಂದು ಆದೇಶವೂ ಮುಗಿಯುವಾಗ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ: 0 ಎಂದರೆ ಯಶಸ್ಸು, ಬೇರೆ ಯಾವುದಾದರೂ ಸಾಮಾನ್ಯವಾಗಿ ವೈಫಲ್ಯ. ಆ ರಾತ್ರಿ ‘ಸಿಡಿ’ಯೂ ವೈಫಲ್ಯವನ್ನು ತಿಳಿಸಿತ್ತು, ನನ್ನ ಸ್ಕ್ರಿಪ್ಟ್ ಕೇಳಲಿಲ್ಲ. ಕೇಳಿಸುವ ಉಪಾಯಗಳು ಹೀಗಿವೆ.

1. ಎರಡು ಆದೇಶಗಳ ನಡುವೆ && ಚಿಹ್ನೆ ಇಟ್ಟರೆ, ಮೊದಲನೆಯದು ಯಶಸ್ವಿಯಾದರೆ ಮಾತ್ರ ಎರಡನೆಯದು ನಡೆಯುತ್ತದೆ.

2. ಸ್ಕ್ರಿಪ್ಟಿನ ಆರಂಭದಲ್ಲಿ ‘ಸೆಟ್’ ಆದೇಶವನ್ನು ‘ಇ’ ಮತ್ತು ‘ಯು’ ಆಯ್ಕೆಗಳೊಡನೆ ಬರೆಯಿರಿ. ಮೊದಲನೆಯದು ಆದೇಶ ವಿಫಲವಾದಾಗ, ಎರಡನೆಯದು ಬೆಲೆ ಕೊಡದ ಚರಾಕ್ಷರ ಎದುರಾದಾಗ ಸ್ಕ್ರಿಪ್ಟನ್ನು ನಿಲ್ಲಿಸುತ್ತದೆ. ಪೈಪ್‌ನಿಂದ ಜೋಡಿಸಿದ ಆದೇಶಗಳಲ್ಲಿ ಕೊನೆಯದರ ಫಲಿತಾಂಶವಷ್ಟೇ ಲೆಕ್ಕಕ್ಕೆ ಬರುವುದರಿಂದ ‘ಪೈಪ್‌ಫೇಲ್’ ಆಯ್ಕೆಯೂ ಬೇಕು.

3. ಡಿಸ್ಕ್ ಇಲ್ಲದಿದ್ದರೂ ಅದನ್ನು ಜೋಡಿಸುವ ಖಾಲಿ ಫೋಲ್ಡರ್ ಉಳಿದಿರಬಹುದು. ಡಿಸ್ಕ್ ನಿಜವಾಗಿ ಜೋಡಣೆಯಾಗಿದೆಯೇ ಎಂಬುದನ್ನು ‘ಮೌಂಟ್‌ಪಾಯಿಂಟ್’ ಆದೇಶದಿಂದ ಖಚಿತಪಡಿಸಿಕೊಳ್ಳಿ.

4. ಅಳಿಸುವ ಆದೇಶಕ್ಕೆ ಪೂರ್ಣ ವಿಳಾಸ ಕೊಡಿ. ಮೊದಲು ಅದರ ಮುಂದೆ ‘ಎಕೋ’ ಸೇರಿಸಿ, ಏನೇನು ಅಳಿಯಲಿದೆ ಎಂದು ಓದಿ ನೋಡಿ. ‘ಆರ್‌ಸಿಂಕ್’ನಲ್ಲಿ ಇದಕ್ಕೆಂದೇ ‘ಡ್ರೈ-ರನ್’ ಆಯ್ಕೆಯಿದೆ.

5. ಹೊಸ ಪ್ರತಿ ಪೂರ್ಣವಾಗುವ ಮುನ್ನ ಹಳೆಯದನ್ನು ಅಳಿಸಬೇಡಿ.

ಉಳಿದ ಹಾಡುಗಳು ಈಗ ನೈರೋಬಿಯಲ್ಲಿಯೂ ಸಾಗರದಲ್ಲಿಯೂ ಇವೆ. ಮರಳಿ ಪಡೆದು ನೋಡದ ಬ್ಯಾಕಪ್ಪನ್ನು ನಂಬಲಾಗದು. ಆದ್ದರಿಂದ ತಿಂಗಳಿಗೊಮ್ಮೆ ಪ್ರತಿಯಿಂದ ಒಂದು ಹಾಡನ್ನು ತೆಗೆದು, ಪೂರ್ತಿಯಾಗಿ ಕೇಳುತ್ತೇನೆ.