ಲೋಹದ ಔಷಧಗಳೂ ವೈರಸ್ ರೋಗಗಳೂ

ಮಲೆನಾಡಿನ ತೋಟಗಾರರಿಗೆ ಮೈಲುತುತ್ತದ ಗುಣವು ಹೊಸತಲ್ಲ. ತುತ್ತವನ್ನೂ ಸುಣ್ಣವನ್ನೂ ಕೂಡಿಸಿ ಮಾಡಿದ ಬೋರ್ಡೋ ದ್ರಾವಣವು ಅಡಿಕೆಯ ಕೊಳೆರೋಗವನ್ನು ತಡೆಯುವುದೆಂಬುದು ಅವರ ಅನುಭವಕ್ಕೆ ಬಂದ ವಿಷಯವೇ ಆಗಿದೆ. ಹೀಗಿರುವಾಗ, ಏಲಕ್ಕಿಯ ಕಟ್ಟೆರೋಗಕ್ಕೂ ದನಗಳ ಕಾಲುಬಾಯಿ ರೋಗಕ್ಕೂ ಅದೇ ತುತ್ತವು ಏಕೆ ಮದ್ದಾಗಬಾರದೆಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ತಿಳಿಯದೆ ಔಷಧವನ್ನು ಕೊಂಡರೆ ಹಣವೂ ಕಾಲವೂ ವ್ಯರ್ಥವಾಗುವುವು. ಅಷ್ಟರಲ್ಲಿ ರೋಗವು ನೆರೆಯ ತೋಟಕ್ಕೂ ಕೊಟ್ಟಿಗೆಗೂ ಹರಡಿರುವುದು.

ತುತ್ತವು ಕೆಲಸ ಮಾಡುವ ಬಗೆ

ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ದ್ರಾಕ್ಷಿ ಬಳ್ಳಿಗಳಿಗೆ ತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಅಂತಹ ಬಳ್ಳಿಗಳಿಗೆ ಬೂಷ್ಟುರೋಗವು ತಗಲದಿದ್ದುದನ್ನು ಮಿಲಾರ್ಡೆ ಎಂಬ ವಿದ್ವಾಂಸನು 1882ರಲ್ಲಿ ಗಮನಿಸಿ, 1885ರಲ್ಲಿ ಆ ದ್ರಾವಣದ ಕ್ರಮವನ್ನು ಪ್ರಕಟಿಸಿದನು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ನರು ಕೊಳೆರೋಗದ ಕಾರಣವನ್ನು ಶೋಧಿಸಿ, ಅಡಿಕೆ ತೋಟಗಳಲ್ಲಿ ಇದೇ ದ್ರಾವಣವನ್ನು ಬಳಕೆಗೆ ತಂದರು.

ಕೊಳೆರೋಗದ ಜೀವಿಯು ಮಳೆನೀರಿನಲ್ಲಿ ಈಜಿ ಕಾಯಿಯ ಮೇಲೆ ಕುಳಿತು, ಅನಂತರ ಒಳಕ್ಕೆ ಇಳಿಯುತ್ತದೆ. ಕಾಯಿಯ ಮೇಲೆ ಅಂಟಿರುವ ತಾಮ್ರವು ಅದನ್ನು ಹೊರಗಡೆಯೇ ಕೊಲ್ಲುವುದು. ಆದುದರಿಂದಲೇ ಮುಂಗಾರು ಹಿಡಿಯುವುದಕ್ಕೆ ಮುಂಚೆ ಒಂದು ಸಲ, ಸುಮಾರು 40-45 ದಿನಗಳ ತರುವಾಯ ಇನ್ನೊಂದು ಸಲ ಸಿಂಪಡಿಸಬೇಕಾಗಿದೆ. ರೋಗವು ಒಳಹೊಕ್ಕ ಕಾಯಿಯನ್ನು ಈ ದ್ರಾವಣವು ಉಳಿಸಲಾರದು. ತುತ್ತವು ಬಾಗಿಲಿನ ಕಾವಲುಗಾರನೇ ಹೊರತು ಮನೆಯೊಳಗಿನ ವೈದ್ಯನಲ್ಲ.

ವೈರಸ್ಸಿನ ಸ್ವಭಾವ

ಹೊಗೆಸೊಪ್ಪಿನ ಒಂದು ರೋಗವನ್ನು ಪರೀಕ್ಷಿಸುತ್ತಿದ್ದ ರಷ್ಯಾದ ಇವಾನೋವ್‌ಸ್ಕಿಯು, ಬ್ಯಾಕ್ಟೀರಿಯಗಳನ್ನು ತಡೆಹಿಡಿಯುವ ಶೋಧಕದಲ್ಲಿ ಸೋಸಿದ ರಸವೂ ರೋಗವನ್ನು ಹುಟ್ಟಿಸುವುದೆಂದು 1892ರಲ್ಲಿ ತೋರಿಸಿದನು. ಕಾಲುಬಾಯಿ ರೋಗದ ಕಾರಣವೂ ಇಂತಹುದೇ ಎಂದು ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಎಂಬವರು 1898ರಲ್ಲಿ ಕಂಡುಹಿಡಿದರು. ಈ ಅತಿಸೂಕ್ಷ್ಮ ಕಣಗಳೇ ವೈರಸ್ಸುಗಳು.

ವೈರಸ್ಸು ತಾನಾಗಿ ಬೆಳೆಯಲಾರದು. ಗಿಡದ ಅಥವಾ ಪ್ರಾಣಿಯ ಜೀವಕೋಶದೊಳಕ್ಕೆ ಹೊಕ್ಕು, ಆ ಕೋಶದ ಸಲಕರಣೆಗಳಿಂದಲೇ ವೃದ್ಧಿ ಹೊಂದುತ್ತದೆ. ಏಲಕ್ಕಿಯ ಕಟ್ಟೆರೋಗದಲ್ಲಿ ಸಸ್ಯಹೇನು ತನ್ನ ಸೂಜಿಯಂತಹ ಬಾಯಿಯಿಂದ ವೈರಸ್ಸನ್ನು ನೇರವಾಗಿ ಎಲೆಯೊಳಕ್ಕೆ ಇಳಿಸುವುದು. ಎಲೆಯ ಮೇಲೆ ಎಷ್ಟು ತುತ್ತವಿದ್ದರೂ ಅದು ಒಳಗಿನ ಕಣಕ್ಕೆ ಮುಟ್ಟುವುದಿಲ್ಲ. ಮುಟ್ಟುವಷ್ಟು ತಾಮ್ರವನ್ನು ಒಳಕ್ಕೆ ತುಂಬಿದರೆ ಗಿಡವೇ ಸಾಯುವುದು.

ಲೋಹಗಳ ಮೇಲೆ ನಡೆದ ಪರೀಕ್ಷೆಗಳು

ಹಾಗೆಂದು ಲೋಹಗಳಿಗೆ ವೈರಸ್ಸನ್ನು ಹಾಳುಮಾಡುವ ಶಕ್ತಿಯೇ ಇಲ್ಲವೆಂದು ಭಾವಿಸಕೂಡದು. ಕೋವಿಡ್ ರೋಗದ ವೈರಸ್ಸನ್ನು ಕುರಿತು 2020ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ, ತಾಮ್ರದ ತಗಡಿನ ಮೇಲೆ 4 ಗಂಟೆಗಳ ಅನಂತರ ಸೋಂಕು ಹತ್ತಿಸಬಲ್ಲ ವೈರಸ್ಸು ಉಳಿದಿರಲಿಲ್ಲ. ಪ್ಲಾಸ್ಟಿಕ್ ಮತ್ತು ಉಕ್ಕಿನ ಮೇಲೆ ಅದು 2-3 ದಿನಗಳವರೆಗೂ ಉಳಿದಿತ್ತು. ಆದರೆ ಇದು ದೇಹದ ಹೊರಗಿನ ಮಾತು.

ದೇಹದೊಳಗಿನ ಕಥೆ ಬೇರೆ. ಸತುವಿನ ಅಂಶವು ಕೊರೋನ ಜಾತಿಯ ವೈರಸ್ಸಿನ ವೃದ್ಧಿಯನ್ನು ತಡೆಯುವುದೆಂದು 2010ರಲ್ಲಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕಂಡುಬಂದಿತು. 2021ರಲ್ಲಿ ಪ್ರಕಟವಾದಂತೆ, ಅಮೆರಿಕದ 214 ಮಂದಿ ಕೋವಿಡ್ ರೋಗಿಗಳಲ್ಲಿ ಸತು ಮತ್ತು ಸಿ ಜೀವಸತ್ವವನ್ನು ಪರೀಕ್ಷಿಸಿದಾಗ, ರೋಗಲಕ್ಷಣಗಳು ಗಮನಾರ್ಹವಾಗಿ ಬೇಗನೆ ಇಳಿಯಲಿಲ್ಲ. ಆಂಟಿಮೊನಿ ಮತ್ತು ಟಂಗ್‌ಸ್ಟನ್ ಲೋಹಗಳಿಂದ ಕೂಡಿದ ಎಚ್.ಪಿ.ಎ.-23 ಎಂಬ ವಸ್ತುವನ್ನು 1980ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ಏಡ್ಸ್ ರೋಗಿಗಳಿಗೆ ಕೊಡಲಾಯಿತು. ಪ್ರಯೋಗಶಾಲೆಯಲ್ಲಿ ಒಳ್ಳೆಯ ಭರವಸೆಯನ್ನು ಹುಟ್ಟಿಸಿದ್ದ ಆ ವಸ್ತುವು ರೋಗಿಗಳಿಗೆ ಗುಣವನ್ನು ತರಲಿಲ್ಲ. ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳನ್ನು ಕಡಮೆ ಮಾಡಿತು. ಅದನ್ನು ಕೈಬಿಡಬೇಕಾಯಿತು. ಜಠರದ ಹುಣ್ಣಿಗೆ ಕೊಡುತ್ತಿದ್ದ ಬಿಸ್ಮತ್ ಲೋಹದ ಒಂದು ಔಷಧವು ಕೋವಿಡ್ ವೈರಸ್ಸನ್ನು ಕುಗ್ಗಿಸುವುದೆಂದು 2020ರಲ್ಲಿ ಹಾಂಗ್‌ಕಾಂಗಿನ ವಿಜ್ಞಾನಿಗಳು ತೋರಿಸಿದರು. ಅದು ಇಲಿಯಂತಹ ಸಣ್ಣ ಪ್ರಾಣಿಗಳಲ್ಲಿ ಕಂಡ ಫಲ.

ಪಾತ್ರೆಯಲ್ಲಿ ಕಂಡ ಗುಣವು ಪ್ರಾಣಿಯಲ್ಲಿ ಕಾಣದಿರಬಹುದು. ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಕಾಣದಿರಬಹುದು. ವೈರಸ್ಸನ್ನು ಕೆಡಿಸುವ ಲೋಹವು ಅದು ಅಡಗಿರುವ ಕೋಶವನ್ನೂ ಕೆಡಿಸಬಲ್ಲುದು. ಇವೆರಡನ್ನೂ ಬೇರ್ಪಡಿಸುವುದೇ ಈ ಸಂಶೋಧನೆಯ ಮುಖ್ಯವಾದ ಕಷ್ಟ.

ಗ್ರಾಮಗಳಲ್ಲಿ ಅನುಸರಿಸತಕ್ಕ ಕ್ರಮ

1. ಏಲಕ್ಕಿಯ ಎಳೆಯ ಎಲೆಗಳಲ್ಲಿ ನರಗಳ ಉದ್ದಕ್ಕೂ ತಿಳಿಹಳದಿ ಗೆರೆಗಳು ಕಂಡೊಡನೆ ಆ ಬುಡವನ್ನು ಗಡ್ಡೆಸಹಿತ ಕಿತ್ತು ನಾಶಪಡಿಸತಕ್ಕದ್ದು. ಕಟ್ಟೆರೋಗವು ಬೀಜದಿಂದ ಹರಡುವುದಿಲ್ಲ; ರೋಗದ ತೋಟದ ಗಡ್ಡೆಯಿಂದ ಹರಡುತ್ತದೆ. ಆದುದರಿಂದ ಅಂತಹ ಗಡ್ಡೆಯನ್ನು ನಾಟಿಗೆ ತರಕೂಡದು. ನೆರೆಹೊರೆಯ ತೋಟಗಳವರು ಒಟ್ಟಾಗಿ ಈ ಕಾರ್ಯವನ್ನು ಮಾಡದಿದ್ದರೆ ಒಬ್ಬನ ಶ್ರಮವು ನಿಷ್ಫಲವಾಗುವುದು.

2. ಕಾಲುಬಾಯಿ ರೋಗಕ್ಕೂ ಚರ್ಮಗಂಟು ರೋಗಕ್ಕೂ ಲಸಿಕೆಯೇ ಮುಖ್ಯವಾದ ರಕ್ಷಣೆ. ರೋಗ ತಗಲಿದ ದನವನ್ನು ಬೇರೆ ಕಟ್ಟಿ, ಸಂತೆಗೂ ಜಾತ್ರೆಗೂ ಹೊಡೆಯದಿರತಕ್ಕದ್ದು.

3. ಗೊರಸಿನ ಹುಣ್ಣನ್ನು ತುತ್ತದ ತೆಳುವಾದ ನೀರಿನಿಂದ ತೊಳೆದರೆ ಹುಣ್ಣು ಮತ್ತಷ್ಟು ಕೆಡುವುದು ತಪ್ಪಬಹುದು. ಮೈಯೊಳಗಿನ ವೈರಸ್ಸು ಅದರಿಂದ ಸಾಯದು. ತುತ್ತವನ್ನು ದನಗಳಿಗೆ ಕುಡಿಸಕೂಡದು. ಕುರಿಗಳಿಗಂತೂ ತಾಮ್ರದ ವಿಷವು ಬಹು ಬೇಗನೆ ಏರುವುದು.

4. ವೈರಸ್ ರೋಗವನ್ನು ವಾಸಿಮಾಡುವುದೆಂದು ತಾಮ್ರ, ಬೆಳ್ಳಿ ಅಥವಾ ಸತುವಿನ ಔಷಧವನ್ನು ಯಾರಾದರೂ ಮಾರಲು ಬಂದರೆ, ಯಾವ ಬೆಳೆಯ ಅಥವಾ ಯಾವ ಪ್ರಾಣಿಯ ಮೇಲೆ, ಎಲ್ಲಿ, ಎಷ್ಟು ಪ್ರಮಾಣದಲ್ಲಿ ಪರೀಕ್ಷಿಸಲಾಗಿದೆಯೆಂದು ಕೇಳತಕ್ಕದ್ದು. ತಾಮ್ರವು ವರ್ಷ ವರ್ಷವೂ ಮಣ್ಣಿನಲ್ಲಿ ಸೇರಿ ಉಳಿಯುವ ವಸ್ತುವಾದುದರಿಂದ ಪ್ರಯೋಜನವಿಲ್ಲದ ಕಡೆ ಸುರಿಯುವುದು ಭೂಮಿಗೂ ಹಾನಿಕರ.

ಗ್ರಾಮದ ಮುಖಂಡರು ರೋಗದ ಮೊದಲ ಚಿಹ್ನೆ ಕಂಡಾಗಲೇ ಹತ್ತಿರದ ಕೃಷಿ, ತೋಟಗಾರಿಕೆ ಅಥವಾ ಪಶುವೈದ್ಯ ಅಧಿಕಾರಿಗಳಿಗೆ ತಿಳಿಸಿ, ರೋಗವು ಬೂಷ್ಟಿನದೋ ವೈರಸ್ಸಿನದೋ ಎಂಬುದನ್ನು ನಿಶ್ಚಯಿಸಿಕೊಂಡ ಬಳಿಕವೇ ಔಷಧಕ್ಕೆ ಹಣವನ್ನು ವೆಚ್ಚಮಾಡುವಂತೆ ರೈತರಿಗೆ ಹೇಳುವುದು ಉಚಿತ.