ರಿಪೋರ್ಟ್ ನಾರ್ಮಲ್, ಆದರೂ ಮೈಯೆಲ್ಲ ನೋವು

ಹೆಬ್ಬೆರಳ ಉಗುರನ್ನು ಪುಟ್ಟ ಯಂತ್ರವೊಂದು ಮೆಲ್ಲಗೆ ಒತ್ತುತ್ತದೆ. ಅದೇ ಹೊತ್ತಿಗೆ ಎಂಆರ್‌ಐ ಸ್ಕ್ಯಾನರ್ ಮೆದುಳಿನಲ್ಲಿ ಏನಾಗುತ್ತಿದೆ ಎಂದು ದಾಖಲಿಸುತ್ತದೆ. ರಿಚರ್ಡ್ ಗ್ರೇಸ್ಲಿ, ಡೇನಿಯಲ್ ಕ್ಲಾವ್ ಮತ್ತು ಸಂಗಡಿಗರು 2002ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪ್ರಯೋಗ ಇದು. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆ ಇದ್ದ 16 ಮಂದಿ ಒಂದು ಕಡೆ, ಆರೋಗ್ಯವಂತರು 16 ಮಂದಿ ಇನ್ನೊಂದು ಕಡೆ. ರೋಗಿಗಳಿಗೆ ಚೆನ್ನಾಗಿ ನೋವಾದಷ್ಟೇ ಒತ್ತಡವನ್ನು ಆರೋಗ್ಯವಂತರ ಬೆರಳಿಗೂ ಕೊಟ್ಟರು. ಅವರ ಮೆದುಳು ಹೆಚ್ಚೇನೂ ಮಿಸುಕಲಿಲ್ಲ. ಒತ್ತಡವನ್ನು ಇಮ್ಮಡಿಯ ಹತ್ತಿರಕ್ಕೆ ಏರಿಸಿದ ಮೇಲಷ್ಟೇ ಅವರಿಗೂ ಅಷ್ಟು ನೋವಾಯಿತು. ಆಗ ನೋವಿಗೆ ಸ್ಪಂದಿಸುವ ಅವೇ ಭಾಗಗಳಲ್ಲಿ ಹಲವು ಅವರ ಮೆದುಳಿನಲ್ಲೂ ಚುರುಕಾದವು.

ನೋವಿದೆ ಎಂದು ವರ್ಷಗಟ್ಟಲೆ ಹೇಳಿಯೂ ಯಾರನ್ನೂ ನಂಬಿಸಲಾಗದೆ ಸೋತವರಿಗೆ ಆ ಪ್ರಯೋಗ ಒಂದು ಸಾಕ್ಷಿ ಒದಗಿಸಿತು. ಅವರು ನೋವನ್ನು ಹೆಚ್ಚು ಮಾಡಿ ಹೇಳುತ್ತಿರಲಿಲ್ಲ, ಅವರಿಗೆ ನಿಜಕ್ಕೂ ಹೆಚ್ಚು ನೋಯುತ್ತಿತ್ತು.

ಈ ಕಾಯಿಲೆಯವರ ದಾರಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊದಲು ಕುತ್ತಿಗೆ ಹಿಡಿದುಕೊಳ್ಳುತ್ತದೆ, ಇಲ್ಲವೇ ಸೊಂಟ. ಬರುಬರುತ್ತ ಭುಜ, ತೋಳು, ತೊಡೆ, ಹೀಗೆ ಎಡಬಲವೆನ್ನದೆ ನೋವು ಹರಡುತ್ತದೆ. ಎಂಟು ಗಂಟೆ ಮಲಗಿದ್ದರೂ ಬೆಳಿಗ್ಗೆ ಏಳುವಾಗಲೇ ಸುಸ್ತು. ಹೇಳಬೇಕೆಂದ ಮಾತು ನಾಲಗೆಯ ತುದಿಯಲ್ಲೇ ಉಳಿಯುತ್ತದೆ, ಒಲೆಯ ಮೇಲೆ ಹಾಲಿಟ್ಟದ್ದು ಮರೆತೇಹೋಗುತ್ತದೆ. ಡಾಕ್ಟರು ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡ್, ವಿಟಮಿನ್ ಡಿ ಎಂದು ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಕೆಲವರಿಗೆ ಬೆನ್ನಿನ ಎಂಆರ್‌ಐ ಕೂಡ ಆಗುತ್ತದೆ. ಎಲ್ಲ ನಾರ್ಮಲ್. ಈ ಪರೀಕ್ಷೆಗಳು ದಂಡವಲ್ಲ. ಥೈರಾಯ್ಡ್ ಕೊರತೆಯೋ ಸಂಧಿವಾತವೋ ಇದೇ ವೇಷದಲ್ಲಿ ಬರಬಹುದಾದ್ದರಿಂದ ನೋಡಲೇಬೇಕು. ತೊಂದರೆಯಾಗುವುದು ಆಮೇಲೆ, “ನಿಮಗೇನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ” ಎಂದು ಕಳಿಸಿಬಿಡುವಲ್ಲಿ. ಆ ಒಂದು ಮಾತು ಮನೆಗೆ ಬಂದು ಎಷ್ಟು ಕೆಲಸ ಕೆಡಿಸುತ್ತದೆ ಎಂಬುದನ್ನು ಕೇಳಿಸಿಕೊಂಡವರೇ ಬಲ್ಲರು. ಡಾಕ್ಟರೇ ಏನೂ ಇಲ್ಲ ಅಂದ ಮೇಲೆ ಅತ್ತೆಯೋ ಗಂಡನೋ ಮಗನೋ ಏಕೆ ನಂಬಬೇಕು?

ವೈದ್ಯಲೋಕವೂ ತುಂಬ ತಡಕಾಡಿದೆ. ಬ್ರಿಟನ್ನಿನ ನರರೋಗತಜ್ಞ ವಿಲಿಯಂ ಗೋವರ್ಸ್ 1904ರಲ್ಲಿ ಇಂಥ ನೋವಿಗೆ ಸ್ನಾಯುವಿನ ನಾರುಗಳ ಉರಿಯೂತ ಕಾರಣವೆಂದು ಭಾವಿಸಿ ಫೈಬ್ರೊಸೈಟಿಸ್ ಎಂದು ಕರೆದರು. ಮುಂದೆ ಸ್ನಾಯುಗಳನ್ನು ಪರೀಕ್ಷಿಸಿದಾಗ ಅಂಥ ಉರಿಯೂತ ಕಾಣಲಿಲ್ಲ. ಈಗಿನ ಹೆಸರು ಬಂದದ್ದು 1976ರಲ್ಲಿ. ಅಮೆರಿಕದ ಸಂಧಿವಾತ ತಜ್ಞರ ಸಂಘಟನೆ 1990ರಲ್ಲಿ ಒಂದು ಅಳತೆ ಕೊಟ್ಟಿತು: ಮೈಮೇಲಿನ ಗೊತ್ತಾದ 18 ಜಾಗಗಳಲ್ಲಿ ಬೆರಳಿಂದ ಒತ್ತಿದಾಗ ಕನಿಷ್ಠ 11ರಲ್ಲಿ ನೋಯಬೇಕು, ವ್ಯಾಪಕ ನೋವು ಮೂರು ತಿಂಗಳಾದರೂ ಇರಬೇಕು. 2010ರಲ್ಲಿ ಆ ಎಣಿಕೆ ಕಡ್ಡಾಯವಾಗಿ ಉಳಿಯಲಿಲ್ಲ. ಎಲ್ಲೆಲ್ಲಿ ನೋವು, ನಿದ್ದೆ ಹೇಗೆ, ದಣಿವು ಎಷ್ಟು, ಮರೆವು ಎಷ್ಟು ಎಂದು ರೋಗಿಯನ್ನೇ ಕೇಳಿ ನಿರ್ಧರಿಸುವ ಕ್ರಮ ಬಂತು. ರೋಗಿಯ ಮಾತಿಗೇ ಪುರಾವೆಯ ತೂಕ ಸಿಕ್ಕಿದ್ದು ಆಗ. ಜಗತ್ತಿನ ಜನರಲ್ಲಿ 100ಕ್ಕೆ 2ರಿಂದ 4 ಮಂದಿಗೆ ಈ ಕಾಯಿಲೆ ಇದೆ ಎಂಬ ಅಂದಾಜಿದೆ, ಹೆಂಗಸರೇ ಹೆಚ್ಚು. ಗಂಡಸರಿಗೂ ಬರುತ್ತದೆ. ಸಂಧಿವಾತ, ಲೂಪಸ್ ಇರುವವರಲ್ಲಿ ಇದೂ ಜೊತೆಗೂಡುವುದುಂಟು.

ಒಳಗೆ ನಡೆಯುವುದೇನು? ನೋವಿನ ಸಂದೇಶ ಬೆನ್ನುಹುರಿಯ ಮೂಲಕ ಮೇಲೇರುವಾಗ ಅದನ್ನು ತಗ್ಗಿಸುವ ಏರ್ಪಾಟು ಮೆದುಳಿನಲ್ಲೇ ಇದೆ. ಇಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಪೆಂಡಾಲಿನ ಮೈಕಿಗೆ ವಾಲ್ಯೂಮ್ ಪೂರ್ತಿ ಏರಿಸಿಟ್ಟರೆ ಪಿಸುಮಾತೂ ಕಿರುಚಿದಂತೆ ಕೇಳುತ್ತದಲ್ಲ, ಹಾಗೆ ಸಣ್ಣ ಒತ್ತಡವೂ ದೊಡ್ಡ ನೋವಾಗುತ್ತದೆ. ಹಾಗಂತ ಎಲ್ಲವೂ ಮೆದುಳಿನದ್ದೇ ಎಂದು ಮುಗಿಸುವಂತಿಲ್ಲ. 2021ರಲ್ಲಿ ಬ್ರಿಟನ್ ಮತ್ತು ಸ್ವೀಡನ್‌ನ ಸಂಶೋಧಕರು ರೋಗಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಆ ಇಲಿಗಳು ಒತ್ತಡಕ್ಕೂ ಚಳಿಗೂ ಹೆಚ್ಚು ಬೆದರತೊಡಗಿದವು. ಆರೋಗ್ಯವಂತರ ಪ್ರತಿಕಾಯ ಪಡೆದ ಇಲಿಗಳಿಗೆ ಏನೂ ಆಗಲಿಲ್ಲ. ರೋಗನಿರೋಧಕ ವ್ಯವಸ್ಥೆಯ ಕೈವಾಡವೂ ಇರಬಹುದೆಂಬ ಈ ಸುಳಿವಿನ ಬೆನ್ನುಹತ್ತಿ ಕೆಲಸ ಸಾಗಿದೆ.

ನಿದ್ದೆಯ ಕಥೆ ಇನ್ನೂ ಹಳೆಯದು. ಕೆನಡಾದ ಟೊರೊಂಟೊದಲ್ಲಿ ಹಾರ್ವೆ ಮೊಲ್ಡೋಫ್‌ಸ್ಕಿ 1970ರ ದಶಕದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಗಾಢನಿದ್ದೆ ಹತ್ತಿದಾಗಲೆಲ್ಲ ಸದ್ದು ಮಾಡಿ ಅದನ್ನು ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು, ದಣಿವು ಶುರುವಾಯಿತು. ನೋವು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ನೋವು ಹೆಚ್ಚಿಸುತ್ತದೆ. ಅದಕ್ಕೇ ಒಳ್ಳೆಯ ವೈದ್ಯರು ನೋವಿಗಿಂತ ಮೊದಲು ನಿದ್ದೆಯ ಬಗ್ಗೆ ವಿಚಾರಿಸುತ್ತಾರೆ.

ಔಷಧಿ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಡೈಕ್ಲೋಫಿನ್ಯಾಕ್‌ನಂಥ ಮಾತ್ರೆಗಳಿಂದ ಇಲ್ಲಿ ಹೆಚ್ಚು ಉಪಯೋಗವಿಲ್ಲ, ಅವು ತಗ್ಗಿಸಬೇಕಾದ ಉರಿಯೂತವೇ ಇಲ್ಲವಲ್ಲ. ವರ್ಷಗಟ್ಟಲೆ ತಿಂದರೆ ಹೊಟ್ಟೆ, ಮೂತ್ರಪಿಂಡಗಳಿಗೆ ಪೆಟ್ಟು. ಸ್ಟೀರಾಯ್ಡ್ ಬೇಡವೇ ಬೇಡ ಎಂದು ಯುರೋಪಿನ ಸಂಧಿವಾತ ತಜ್ಞರ 2017ರ ಮಾರ್ಗಸೂಚಿ ಖಚಿತವಾಗಿ ಹೇಳುತ್ತದೆ. ಪ್ರಿಗ್ಯಾಬಲಿನ್‌ಗೆ ಅಮೆರಿಕ 2007ರಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಕೊಟ್ಟಿತು, ಯುರೋಪಿನ ಔಷಧ ಸಂಸ್ಥೆ ಕೊಡಲಿಲ್ಲ. ಗುಣ ಅಷ್ಟಕ್ಕಷ್ಟೇ, ತಲೆಸುತ್ತು, ತೂಕ ಏರುವುದು ಇದ್ದೇ ಇದೆ ಎಂಬ ಅರಿವಿನಿಂದಲೇ ಅದನ್ನು ಬಳಸಬೇಕು. ರಾತ್ರಿ ಸಣ್ಣ ಪ್ರಮಾಣದಲ್ಲಿ ಕೊಡುವ ಅಮಿಟ್ರಿಪ್ಟಿಲಿನ್ ಮತ್ತು ಡುಲೋಕ್ಸೆಟಿನ್ ಕೆಲವರಿಗೆ ಹಿಡಿಸುತ್ತವೆ. ಇವು ಖಿನ್ನತೆಯ ಮಾತ್ರೆ ಎಂದು ಯಾರೋ ಹೇಳಿದ್ದು ಕೇಳಿ, “ನನಗೇನು ಹುಚ್ಚೇ?” ಎಂದು ನಿಲ್ಲಿಸಿಬಿಡುವವರಿದ್ದಾರೆ. ನೋವನ್ನು ತಗ್ಗಿಸುವ ನರಮಾರ್ಗಗಳಲ್ಲೂ ಈ ಮಾತ್ರೆಗಳು ಕೆಲಸ ಮಾಡುತ್ತವೆ ಎಂಬ ಎರಡು ಮಾತನ್ನು ಮೊದಲೇ ಹೇಳಿದ್ದರೆ ಎಷ್ಟೋ ಮಂದಿ ನಿಲ್ಲಿಸುತ್ತಿರಲಿಲ್ಲ.

ಯುರೋಪಿನ ಅದೇ ಮಾರ್ಗಸೂಚಿ ಬಲವಾಗಿ ಶಿಫಾರಸು ಮಾಡುವ ಚಿಕಿತ್ಸೆ ಒಂದೇ: ವ್ಯಾಯಾಮ. ಮೈ ಮುಟ್ಟಿದರೆ ನೋಯುವವರಿಗೆ ವ್ಯಾಯಾಮ ಹೇಳುವುದು ಕಟುವಾಗಿ ಕೇಳಿಸಬಹುದು. ಹಾಗಾಗಿ ಎಲ್ಲಿಂದ ಆರಂಭಿಸಬೇಕು ಎಂಬುದೇ ಮುಖ್ಯ. ಐದು ನಿಮಿಷ ನಡೆದು ನಿಲ್ಲಿಸಿದರೂ ಆದೀತು, ಮುಂದಿನ ವಾರ ಒಂದೆರಡು ನಿಮಿಷ ಹೆಚ್ಚಿಸಬಹುದು. 2018ರಲ್ಲಿ ಅಮೆರಿಕದಲ್ಲಿ 226 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ನಿಧಾನಗತಿಯ ಚೀನೀ ವ್ಯಾಯಾಮ ತೈಚಿಯಿಂದ, ಏರೋಬಿಕ್ ವ್ಯಾಯಾಮದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಪ್ರಯೋಜನ ಕಂಡಿತ್ತು. ಅಮೆರಿಕದ್ದೇ ಆರೆಗಾನ್‌ನಲ್ಲಿ 53 ಹೆಂಗಸರೊಂದಿಗೆ ನಡೆಸಿ 2010ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಯೋಗ, ಧ್ಯಾನ ಸೇರಿದ ಕಾರ್ಯಕ್ರಮವೂ ನೋವು, ದಣಿವು ಇಳಿಸಿತು.

ದೊಡ್ಡ ಸವಾಲಿರುವುದು ಮೈ ಸ್ವಲ್ಪ ಹಗುರವೆನಿಸಿದ ದಿನ. ಗೌರಿಹಬ್ಬಕ್ಕೆ ನಾಲ್ಕು ದಿನ ಇದೆ, ಇವತ್ತು ಪರವಾಗಿಲ್ಲ ಅನ್ನಿಸುತ್ತದೆ. ಅಟ್ಟ ಇಳಿಸಿ, ಪಾತ್ರೆ ತಿಕ್ಕಿ, ಪರದೆ ಒಗೆದು, ಮನೆಯೆಲ್ಲ ಗುಡಿಸಿ ಒರೆಸಿದರೆ ಹಬ್ಬದ ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ. ಚೆನ್ನಾಗಿರುವ ದಿನವೂ ಕೆಲಸಕ್ಕೆ ಮಿತಿ ಹಾಕಿಕೊಳ್ಳುವುದು, ಒಂದು ಕೆಲಸದ ನಡುವೆ ಕೂತು ಎದ್ದು ಮಾಡುವುದು ಮಾತ್ರೆಯಷ್ಟೇ ಮುಖ್ಯ. ಹಣ, ವೈದ್ಯರು, ಸಹಾಯಕರು ಸುತ್ತ ಇದ್ದ ಗಾಯಕಿ ಲೇಡಿ ಗಾಗಾ ಕೂಡ ಇದೇ ಕಾಯಿಲೆಯಿಂದಾಗಿ 2017ರಲ್ಲಿ ಯುರೋಪ್ ಪ್ರವಾಸ ಮುಂದೂಡಬೇಕಾಯಿತು. ಎಲ್ಲರ ಊಟವಾದ ಮೇಲೆ ಉಣ್ಣುವ ಹೆಂಗಸಿಗೆ ಮುಂದೂಡುವ ಅನುಕೂಲ ಎಲ್ಲಿದೆ?

ಕಾಯಿಲೆ ಬದುಕನ್ನು ಎಷ್ಟು ಕುಗ್ಗಿಸಿದೆ ಎಂದು ಅಳೆಯಲು ಆರೆಗಾನ್‌ನ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಅದು ಕೇಳುವುದು ವಾಷಿಂಗ್ ಮಷಿನ್, ಡ್ರೈಯರ್‌ನಲ್ಲಿ ಬಟ್ಟೆ ಒಗೆಯುವುದು, ಕಾರು ಓಡಿಸುವುದು, ರಗ್ಗಿನ ಧೂಳು ತೆಗೆಯುವುದು ಇಂಥವನ್ನು. ನಮ್ಮ ಮನೆಗಳ ಲೆಕ್ಕ ಬೇರೆ. ಒದ್ದೆ ಚಾದರ ಹಿಂಡಲು ಆಗುತ್ತದೆಯೇ, ಎಷ್ಟು ರೊಟ್ಟಿ ತಟ್ಟುವಷ್ಟರಲ್ಲಿ ತೋಳು ಸೋಲುತ್ತದೆ, ಕೊಡ ಎತ್ತಬಹುದೇ, ನೆಲದ ಮೇಲೆ ಕೂತರೆ ಏಳಬಹುದೇ, ಬಸ್ಸಿನಲ್ಲಿ ನಿಂತು ಎಷ್ಟು ದೂರ ಹೋಗಬಹುದು? ಡಾಕ್ಟರ ಬಳಿ ಹೋಗುವ ಮುನ್ನ ಎರಡು ವಾರ ಇವನ್ನೂ ನಿದ್ದೆಯ ಹೊತ್ತನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮಾತು ಸುಲಭವಾಗುತ್ತದೆ. ಕೀಲು ಊದಿಕೊಂಡರೆ, ಜ್ವರ ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು, ಕಾರಣ ಬೇರೆ ಇರಬಹುದು. ಮನೆಯ ಒಬ್ಬರನ್ನು ಒಳಗೆ ಜೊತೆಗೇ ಕೂರಿಸಿಕೊಳ್ಳಬೇಕು. ಕಾಯಿಲೆಯ ಹೆಸರನ್ನು ಅವರೂ ಡಾಕ್ಟರ ಬಾಯಿಂದಲೇ ಕೇಳಲಿ, ಹಾಳೆಯಲ್ಲಿರುವ ಕೆಲಸಗಳಲ್ಲಿ ಯಾವುದನ್ನು ಯಾರು ಮಾಡುವುದೆಂದು ಅಲ್ಲೇ ಮಾತಾಡಿಕೊಳ್ಳಲಿ.