ತೇರು ಸಾಗುವ ಮುನ್ನ ತೇರಿನ ಬೀದಿ

ಕೊಪ್ಪಳದ ಶ್ರೀ ಗವಿಸಿದ್ಧೇಶ್ವರ ಮಹಾರಥೋತ್ಸವವು ಪುಷ್ಯ ಬಹುಳ ಬಿದಿಗೆಯಂದು ನೆರವೇರುತ್ತದೆ. ಕನಕಗಿರಿಯ ಶ್ರೀ ಕನಕಾಚಲಪತಿಯ ತೇರು ಫಾಲ್ಗುಣದಲ್ಲಿ ಸಾಗುತ್ತದೆ. ಜಿಲ್ಲೆಯ ಹಲವಾರು ಗ್ರಾಮಗಳಲ್ಲಿಯೂ ತೇರು, ಉಚ್ಛಾಯ, ಪಲ್ಲಕ್ಕಿ ಹೊರಡುತ್ತವೆ. ಡೊಳ್ಳು, ಭಜನೆಗಳೊಡನೆ ಊರಿಗೆ ಊರೇ ಬೀದಿಗಿಳಿಯುವ ದಿನವದು. ತೇರಿನ ಪೂಜಾ ವಿಧಿಗಳು ದೇವಸ್ಥಾನ ಸಮಿತಿಗೆ ಸೇರಿದವು. ತೇರು ಸಾಗುವ ಬೀದಿಯ ಹೊಣೆ ಗ್ರಾಮ ಪಂಚಾಯಿತಿಯದು.

ಈ ಹೊಣೆ ಸಣ್ಣದಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಶ್ರೀ ಗುರು ಬಸವೇಶ್ವರ ರಥೋತ್ಸವದಲ್ಲಿ ತೇರು ಉರುಳಿಬಿದ್ದು ಹಲವರು ಗಾಯಗೊಂಡರು. 2022ರ ಏಪ್ರಿಲ್ 27ರಂದು ತಮಿಳುನಾಡಿನ ತಂಜಾವೂರು ಬಳಿಯ ಕಳಿಮೇಡು ಗ್ರಾಮದಲ್ಲಿ ತೇರು ಹೈಟೆನ್ಷನ್ ತಂತಿಗೆ ತಗುಲಿ 11 ಮಂದಿ ಅಸುನೀಗಿದರು.

ಮೊದಲನೆಯದು ನೆಲದ ಪರೀಕ್ಷೆ. ತೇರಿನ ಪೂರ್ಣ ಭಾರ ಕೆಲವೇ ಗಾಲಿಗಳ ಮೇಲೆ ಬೀಳುತ್ತದೆ. ಎಡ ಬಲ ಗಾಲಿಗಳ ಅಂತರ 10 ಅಡಿ, ತೇರಿನ ಎತ್ತರ 40 ಅಡಿ ಇದ್ದಲ್ಲಿ, ಒಂದು ಬದಿಯ ಗಾಲಿ 3 ಅಂಗುಲ ಕುಸಿದರೆ ಕಳಸವು ಸುಮಾರು 12 ಅಂಗುಲ ವಾಲುತ್ತದೆ. ಮರಳಿ ಹೋಬಳಿಯಂತಹ ನಾಲೆ ನೀರಾವರಿ ಪ್ರದೇಶದಲ್ಲಿ ಎರೆಮಣ್ಣು ತೇವಗೊಂಡು ಮೆತ್ತಗಾಗುವುದರಿಂದ ಈ ಎಚ್ಚರ ಹೆಚ್ಚು ಅವಶ್ಯ. ಕುಡಿಯುವ ನೀರಿನ ಪೈಪ್ ಹಾಕಲು ಅಗೆದು ಮುಚ್ಚಿದ ಸ್ಥಳಗಳನ್ನು ಗಟ್ಟಿಯಾಗಿ ದಮ್ಮಸು ಮಾಡಿಸಬೇಕು. ಚರಂಡಿಯ ಮೇಲಿನ ಹಾಸುಗಲ್ಲುಗಳು ಭಾರ ತಾಳಬಲ್ಲವೇ ಎಂಬುದನ್ನು ಇಂಜಿನಿಯರರಿಂದ ಖಚಿತಪಡಿಸಿಕೊಳ್ಳಬೇಕು.

ಎರಡನೆಯದು ಮೇಲಿನ ತಂತಿ. ಹಳೆಯ ರಸ್ತೆಯ ಮೇಲೆಯೇ ಸಿಸಿ ರಸ್ತೆ ನಿರ್ಮಿಸಿದಾಗ ನೆಲಮಟ್ಟ ಏರುತ್ತದೆ, ತಂತಿ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಕಳೆದ ವರ್ಷ ತಗುಲದ ತಂತಿ ಈ ವರ್ಷ ತಗುಲಬಹುದು. ಈ ಎತ್ತರವನ್ನು ಗ್ರಾಮಸ್ಥರು ಗಳ ಹಿಡಿದು ಅಳೆಯಕೂಡದು. ಜೆಸ್ಕಾಂ ಸಿಬ್ಬಂದಿಯಿಂದಲೇ ಅಳತೆ ಮಾಡಿಸಬೇಕು. ತೇರು ಹೊರಟು ನೆಲೆಗೆ ಮರಳುವವರೆಗೆ ವಿದ್ಯುತ್ ನಿಲುಗಡೆಗೆ ಲಿಖಿತವಾಗಿ ಕೋರಬೇಕು. ಕಳಸಕ್ಕೆ ಹೊಸದಾಗಿ ಬಾವುಟ, ಛತ್ರಿ ಕಟ್ಟಿದಲ್ಲಿ ಆ ಎತ್ತರವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಮೂರನೆಯದು ತೇರು ಮತ್ತು ಜನಸಂದಣಿ. ಅಚ್ಚು, ಗಾಲಿ, ಹಗ್ಗಗಳನ್ನು ಲೋಕೋಪಯೋಗಿ ಇಲಾಖೆಯ ಇಂಜಿನಿಯರರು ಪರಿಶೀಲಿಸುವಂತೆ ಸಮಿತಿಯು ಮುಂಚಿತವಾಗಿ ಕೋರುವುದು ಉಚಿತ. ಉತ್ತತ್ತಿ, ಬಾಳೆಹಣ್ಣು ಎಸೆಯುವವರು, ಅವುಗಳನ್ನು ಆರಿಸಿಕೊಳ್ಳಲು ಬಾಗುವ ಮಕ್ಕಳು ಗಾಲಿಯ ಸಮೀಪ ಸುಳಿಯದಂತೆ ಎರಡೂ ಬದಿ ಹಗ್ಗ ಹಿಡಿದ ಸ್ವಯಂಸೇವಕರು ಇರಬೇಕು. ಆಂಬುಲೆನ್ಸ್ ಸಾಗಲು ಒಂದು ಅಡ್ಡಬೀದಿಯನ್ನು ಅಂಗಡಿಗಳಿಲ್ಲದೆ ತೆರವಾಗಿಡಬೇಕು.

ಈ ಪರಿಶೀಲನೆಯನ್ನು ಜಾತ್ರೆಗೆ ಒಂದು ತಿಂಗಳು ಮೊದಲೇ, ದೇವಸ್ಥಾನ ಸಮಿತಿ, ಜೆಸ್ಕಾಂ ಹಾಗೂ ಪೊಲೀಸ್ ಸಿಬ್ಬಂದಿಯೊಡನೆ ಬೀದಿಯುದ್ದಕ್ಕೂ ನಡೆದು ಮಾಡಿದರೆ ದುರಸ್ತಿಗೆ ಕಾಲಾವಕಾಶ ದೊರೆಯುತ್ತದೆ. ಗಾಲಿಗೆ ಮರದ ತುಂಡು ಕೊಟ್ಟು ತೇರಿನ ದಿಕ್ಕು ತಿರುಗಿಸುವ ಹಿರಿಯರನ್ನು ತಪ್ಪದೆ ಜೊತೆಗೆ ಕರೆದೊಯ್ಯಬೇಕು. ಬೀದಿ ಎಲ್ಲಿ ಇಳಿಜಾರಾಗಿದೆ, ತೇರು ಯಾವ ತಿರುವಿನಲ್ಲಿ ವಾಲುತ್ತದೆ ಎಂಬುದು ಅವರ ಅನುಭವದಲ್ಲಿದೆ. ಆ ತಿಳಿವನ್ನೂ ಅಳತೆಗಳನ್ನೂ ಪಂಚಾಯಿತಿಯ ವಹಿಯಲ್ಲಿ ದಾಖಲಿಸಿದರೆ, ಹಿರಿಯರು ಇಲ್ಲದ ಕಾಲದಲ್ಲಿಯೂ ತೇರು ಸುರಕ್ಷಿತವಾಗಿ ನೆಲೆ ಸೇರುತ್ತದೆ.